ಪಂಪ್‌ಸೆಟ್ಟಿಗೆ ಕೊಬ್ಬರಿ ಎಣ್ಣೆ ಹಾಕಬಹುದೇ?

ಪ್ರಶ್ನೆ: ನಮ್ಮದು ತುರುವೇಕೆರೆ ತಾಲ್ಲೂಕು, ನಾಲ್ಕು ಎಕರೆ ತೆಂಗಿನ ತೋಟ. ಕರೆಂಟು ಕೈಕೊಟ್ಟಾಗ ನೀರು ಹಾಯಿಸಲು ಅಪ್ಪನ ಕಾಲದ ಐದು ಎಚ್‌ಪಿ ಡೀಸೆಲ್ ಎಂಜಿನ್ ಇಟ್ಟುಕೊಂಡಿದ್ದೇವೆ. ಕೊಬ್ಬರಿ ರೇಟು ಬಿದ್ದಿದ್ದ ವರ್ಷ ಮಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಯಾವುದೋ ದ್ವೀಪದಲ್ಲಿ ಜೀಪಿಗೆ ಕೊಬ್ಬರಿ ಎಣ್ಣೆ ಸುರಿದು ಓಡಿಸುತ್ತಿದ್ದರು. ಇದು ನಿಜವೇ? ನಿಜವಾದರೆ ನಮ್ಮ ಎಂಜಿನ್ನಿಗೂ ಹಾಕಬಹುದೇ? ಎಣ್ಣೆ ಗಾಣ ಪಕ್ಕದೂರಲ್ಲೇ ಇದೆ.

ಉತ್ತರ: ನಿಜ. ನಿಮ್ಮ ಮಗ ನೋಡಿದ್ದರಲ್ಲಿ ಮೋಸವೇನೂ ಇಲ್ಲ. ಡೀಸೆಲ್ ಒಂದು ತೊಟ್ಟೂ ಬೆರೆಸದ ಕೊಬ್ಬರಿ ಎಣ್ಣೆಯಲ್ಲಿ ಡೀಸೆಲ್ ಎಂಜಿನ್ ಓಡುತ್ತದೆ. ವರ್ಷಗಟ್ಟಲೆ ಓಡಿಸಿದ ಜನ ಇದ್ದಾರೆ. ಆದರೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದರೆ, ಆ ಜನ ಯಾಕೆ ಹಾಗೆ ಓಡಿಸಿದರು ಎಂಬುದನ್ನು ಮೊದಲು ನೋಡಬೇಕು.

ಆ ದ್ವೀಪ ಬಹುಶಃ ಬೂಗನ್‌ವಿಲ್. ಆಸ್ಟ್ರೇಲಿಯಾದ ಈಶಾನ್ಯಕ್ಕೆ ಪೆಸಿಫಿಕ್ ಸಾಗರದಲ್ಲಿರುವ, ಪಪುವಾ ನ್ಯೂಗಿನಿ ದೇಶಕ್ಕೆ ಸೇರಿದ ನೆಲ. ಅಲ್ಲಿನ ಪಾಂಗುನಾ ಎಂಬಲ್ಲಿ ಒಂದು ಭಾರಿ ತಾಮ್ರದ ಗಣಿ ಇತ್ತು. ಗಣಿಯ ತ್ಯಾಜ್ಯ ಹೊಳೆಗೆ ಸೇರಿ ನೀರು ಕೆಟ್ಟಿತು, ಹೊಲ ಕೆಟ್ಟಿತು, ಲಾಭ ಮಾತ್ರ ದ್ವೀಪದಾಚೆ ಹೋಯಿತು. ಅದೇ ಗಣಿಯಲ್ಲಿ ಕೆಲಸಕ್ಕಿದ್ದ ಫ್ರಾನ್ಸಿಸ್ ಓನಾ ಎಂಬಾತನ ಮುಂದಾಳತ್ವದಲ್ಲಿ ಜನ ಬಂಡೆದ್ದರು. 1989ರಲ್ಲಿ ಗಣಿ ಮುಚ್ಚಿತು. ಮರುವರ್ಷ ಸರ್ಕಾರ ದ್ವೀಪದ ಸುತ್ತ ದಿಗ್ಬಂಧನ ಹಾಕಿತು. ಔಷಧಿ, ಉಪ್ಪು, ಸೋಪು, ಡೀಸೆಲ್ ಯಾವುದೂ ಒಳಗೆ ಬರುವ ಹಾಗಿಲ್ಲ. ಈ ಸ್ಥಿತಿ ಸುಮಾರು ಏಳು ವರ್ಷ ನಡೆಯಿತು. ಸಾವಿರಾರು ಜನ ಸತ್ತರು; ಅವರಲ್ಲಿ ಎಷ್ಟೋ ಮಂದಿಯ ಜೀವ ತೆಗೆದದ್ದು ಗುಂಡಲ್ಲ, ಸಾಮಾನ್ಯ ಕಾಯಿಲೆಗೂ ಮದ್ದು ಸಿಗದ ಸ್ಥಿತಿ.

ಅಲ್ಲಿ ತೆಂಗು ಮಾತ್ರ ಹೇರಳವಾಗಿತ್ತು. ಜರ್ಮನ್ನರ ಕಾಲದಲ್ಲಿ, ಆಮೇಲೆ ಆಸ್ಟ್ರೇಲಿಯನ್ನರ ಕಾಲದಲ್ಲಿ ಹಾಕಿದ ತೋಟಗಳವು. ಅಲ್ಲಿಯ ಕೊಬ್ಬರಿ ಹಡಗೇರಿ ಹೊರದೇಶದ ಎಣ್ಣೆ ಮಿಲ್ಲು, ಸೋಪಿನ ಕಾರ್ಖಾನೆಗಳಿಗೆ ಹೋಗುತ್ತಿತ್ತು. ದಿಗ್ಬಂಧನ ಬಿದ್ದಮೇಲೆ ಹಡಗು ನಿಂತಿತು. ಕಾಯಿ ಮರದಡಿ ಬಿದ್ದು ಮೊಳಕೆಯೊಡೆಯತೊಡಗಿತು. ಜನ ಕಾಯಿ ತುರಿದು, ಹಾಲು ಹಿಂಡಿ, ಕಾಯಿಸಿ ಎಣ್ಣೆ ತೆಗೆದರು. ಬಟ್ಟೆಯಲ್ಲಿ ಸೋಸಿ ಹಳೆಯ ಜೀಪು, ಲಾರಿಗಳ ಟ್ಯಾಂಕಿಗೆ ಸುರಿದರು. ಗಾಡಿ ಓಡಿತು. ರೋಗಿಗಳನ್ನು ಸಾಗಿಸಿತು, ಗೆಣಸು, ಬಾಳೆ ಹೊತ್ತಿತು. ಗಣಿಯ ಗುಜರಿಯಿಂದ ಸಣ್ಣ ಸಣ್ಣ ಜಲವಿದ್ಯುತ್ ಯಂತ್ರಗಳನ್ನೂ ಅವರು ಕಟ್ಟಿಕೊಂಡರು. ಈ ಬಾಳ್ವೆಯನ್ನು ಚಿತ್ರಿಸಿದ ‘ದಿ ಕೋಕನಟ್ ರೆವಲ್ಯೂಷನ್’ ಎಂಬ ಸಾಕ್ಷ್ಯಚಿತ್ರ ಇದೆ. ಸಿಕ್ಕಿದರೆ ಮನೆಮಂದಿಯೆಲ್ಲ ಕೂತು ನೋಡಿ.

ಈ ಕಥೆಯಲ್ಲಿ ಗಮನಿಸಬೇಕಾದ್ದು ಲೆಕ್ಕದ ಸಂಗತಿ. ಆ ಏಳು ವರ್ಷ ಬೂಗನ್‌ವಿಲ್‌ನಲ್ಲಿ ಡೀಸೆಲ್ ಎಷ್ಟು ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ, ಕಾಯಿಗೆ ಎಷ್ಟು ದುಡ್ಡು ಕಡಿಮೆ ಮಾಡಿದರೂ ಕೊಳ್ಳುವವರಿರಲಿಲ್ಲ. ಕೊಬ್ಬರಿ ಎಣ್ಣೆ ಇಂಧನವಾಗಿ ನಿಜವಾಗಿ ಬದುಕಿದ್ದು ಇಂಥ ಜಾಗಗಳಲ್ಲಿ ಮಾತ್ರ. ವನುವಾಟು ದೇಶದ್ದೂ ಅದೇ ಕಥೆ, ಯುದ್ಧವೊಂದಿಲ್ಲ ಅಷ್ಟೇ. ಹತ್ತಾರು ದ್ವೀಪಗಳು, ಡೀಸೆಲ್ ಸಾವಿರಾರು ಕಿಲೋಮೀಟರ್ ದೂರದಿಂದ ಹಡಗಿನಲ್ಲಿ ಬರಬೇಕು, ಅಲ್ಲಿಂದ ಕೊಬ್ಬರಿ ಅಷ್ಟೇ ದೂರ ಹೋಗಬೇಕು. ಬರುವಾಗಲೂ ಸಾಗಣೆಯ ಖರ್ಚು, ಹೋಗುವಾಗಲೂ ಸಾಗಣೆಯ ಖರ್ಚು, ಎರಡೂ ರೈತನ ತಲೆಯ ಮೇಲೆ. ಅಂಥ ಕಡೆ ಕೊಬ್ಬರಿಯನ್ನು ಊರಲ್ಲೇ ಅರೆದು ಊರಲ್ಲೇ ಉರಿಸುವುದು ಬುದ್ಧಿವಂತಿಕೆ. ರಾಜಧಾನಿ ಪೋರ್ಟ್ ವಿಲಾದಲ್ಲಿ ಬಾಡಿಗೆ ವ್ಯಾನುಗಳು ಕೊಬ್ಬರಿ ಎಣ್ಣೆಯಲ್ಲಿ ಓಡಿದವು. ಅಲ್ಲಿನ ವಿದ್ಯುತ್ ಕಂಪನಿ ಯುನೆಲ್ಕೊ ತನ್ನ ದೊಡ್ಡ ಜನರೇಟರುಗಳಿಗೆ ಡೀಸೆಲ್ ಜೊತೆ ಕೊಬ್ಬರಿ ಎಣ್ಣೆ ಬೆರೆಸಿ ಊರಿಗೆ ದೀಪ ಕೊಟ್ಟಿತು. ಫಿಜಿ, ಸಮೋವಾ, ಮಾರ್ಷಲ್ ದ್ವೀಪಗಳಲ್ಲೂ ಪ್ರಯತ್ನಗಳು ನಡೆದಿವೆ.

ಫಿಲಿಪ್ಪೀನ್ಸ್ ಹಿಡಿದದ್ದು ಬೇರೆ ದಾರಿ. ಅಲ್ಲಿ ಲಕ್ಷಾಂತರ ಕುಟುಂಬಗಳ ಬದುಕು ತೆಂಗನ್ನು ನೆಚ್ಚಿದೆ, ಅವರಲ್ಲಿ ಬಹಳ ಜನ ಬಡವರು. ಕಾಯಿಗೆ ಇನ್ನೊಂದು ಖಾಯಂ ಗಿರಾಕಿ ಸಿಗಲಿ ಎಂದು 2006ರ ಜೈವಿಕ ಇಂಧನ ಕಾಯ್ದೆ ತಂದರು. 2007ರಿಂದ ದೇಶದಲ್ಲಿ ಮಾರುವ ಡೀಸೆಲ್‌ಗೆಲ್ಲ ಶೇಕಡಾ 1ರಷ್ಟು ತೆಂಗಿನ ಬಯೋಡೀಸೆಲ್ ಬೆರೆಸುವುದು ಕಡ್ಡಾಯ, 2009ರಿಂದ ಶೇಕಡಾ 2. 2024ರ ಅಕ್ಟೋಬರಿನಲ್ಲಿ ಅದನ್ನು 3ಕ್ಕೆ ಏರಿಸಿದರು. ಮುಂದಿನ ವರ್ಷ 4 ಮಾಡುವುದಾಗಿ ಗೊತ್ತುಮಾಡಿದ್ದರು. ಅಷ್ಟರಲ್ಲಿ ಬರದಿಂದ ಇಳುವರಿ ಕುಸಿದು, 2025ರಲ್ಲಿ ಕೊಬ್ಬರಿ ಎಣ್ಣೆಯ ಅಂತರರಾಷ್ಟ್ರೀಯ ಬೆಲೆ ಟನ್ನಿಗೆ 2,000 ಡಾಲರ್ ದಾಟಿತು. ಏರಿಕೆಯನ್ನು ಮುಂದೂಡಬೇಕಾಯಿತು. ತೆಂಗಿನ ವಿಷಯದಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ದೇಶಕ್ಕೇ ನೂರು ಲೀಟರಿಗೆ ನಾಲ್ಕು ಲೀಟರ್ ಹೊಂದಿಸುವುದು ಭಾರವಾಯಿತು ಎಂಬುದನ್ನು ನೆನಪಿನಲ್ಲಿಡಿ.

ಇನ್ನು ಎಂಜಿನ್ನಿನ ವಿಚಾರ. ಇದರಲ್ಲಿ ತೆಂಗಿನ ಪರ ಹೇಳುವ ಮಾತು ಬಹಳ ಇದೆ.

ಡೀಸೆಲ್ ಎಂಜಿನ್ನಿಗೆ ಸಸ್ಯದ ಎಣ್ಣೆ ಪರಕೀಯವೇ ಅಲ್ಲ. 1900ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಲ್ಲಿ ಓಡಿತು. ಎಂಜಿನ್ನಿನಲ್ಲಿ ಅದಕ್ಕಾಗಿ ಏನನ್ನೂ ಬದಲಿಸಿರಲಿಲ್ಲ, ನೋಡಿದವರಲ್ಲಿ ಬಹಳ ಜನಕ್ಕೆ ವ್ಯತ್ಯಾಸ ತಿಳಿಯಲೂ ಇಲ್ಲ. ಫ್ರೆಂಚ್ ಸರ್ಕಾರಕ್ಕೆ ತನ್ನ ಆಫ್ರಿಕಾದ ವಸಾಹತುಗಳಲ್ಲಿ ಬೆಳೆಯುವ ಶೇಂಗಾದಿಂದ ಅಲ್ಲೇ ಯಂತ್ರ ಓಡಿಸಬಹುದೇ ಎಂಬ ಕುತೂಹಲವಿತ್ತು. ಎಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ 1912ರಲ್ಲಿ ಇದನ್ನು ಸ್ವತಃ ದಾಖಲಿಸಿದ್ದಾರೆ. ಸಸ್ಯದ ಎಣ್ಣೆಗಳಿಗೆ ಮುಂದೊಂದು ದಿನ ಮಹತ್ವ ಬಂದೀತು ಎಂದೂ ಹೇಳಿದ್ದಾರೆ.

ಈ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಹದಿನಾರು, ಹದಿನೆಂಟು ಪಟ್ಟು ಒತ್ತಿದಾಗ ಅದು ಐನೂರು ಡಿಗ್ರಿಗೂ ಮೇಲೆ ಕಾಯುತ್ತದೆ. ಆ ಕಾದ ಗಾಳಿಗೆ ನಾಜಲ್ಲಿನಿಂದ ಎಣ್ಣೆ ಮಂಜಿನಂತೆ ಚಿಮ್ಮುತ್ತದೆ, ತಾನೇ ಹೊತ್ತಿಕೊಳ್ಳುತ್ತದೆ. ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದನ್ನು ಅಳೆಯುವುದು ಸೀಟೇನ್ ಅಂಕಿ. ನಮ್ಮ ಬಂಕಿನ ಡೀಸೆಲ್‌ಗೆ ಅದು ಕನಿಷ್ಠ 51. ಕೊಬ್ಬರಿ ಎಣ್ಣೆಯದು 60ರ ಆಚೆ ಈಚೆ, ಅಂದರೆ ಡೀಸೆಲ್‌ಗಿಂತ ಚುರುಕು. ಕಾರಣ ಅದರ ರಚನೆಯಲ್ಲಿದೆ. ಸೂರ್ಯಕಾಂತಿ, ಶೇಂಗಾ, ಹೊಂಗೆ ಎಣ್ಣೆಗಳ ಅಣುವಿನಲ್ಲಿ ಇಂಗಾಲದ ಸರಪಳಿ ಬಹುಪಾಲು ಹದಿನೆಂಟು ಕೊಂಡಿಯದು. ಕೊಬ್ಬರಿ ಎಣ್ಣೆಯ ಹೆಚ್ಚುಕಮ್ಮಿ ಅರ್ಧ ಭಾಗ ಲಾರಿಕ್ ಆಮ್ಲ. ಅದರ ಸರಪಳಿ ಹನ್ನೆರಡೇ ಕೊಂಡಿ. ಚಿಕ್ಕದಾದಷ್ಟೂ ಎಣ್ಣೆ ತೆಳು. ಮೇಲಾಗಿ ಅದರ ಶೇಕಡಾ 90ರಷ್ಟು ಪರ್ಯಾಪ್ತ ಕೊಬ್ಬು, ಬೇಗ ಹೊತ್ತಿಕೊಳ್ಳುವುದು ಅದರಿಂದ. ಅಪರ್ಯಾಪ್ತ ಎಣ್ಣೆಗಳು ಬಿಸಿಗೆ ಗಾಳಿ ಸೋಕಿದರೆ ಅಂಟಾಗಿ, ವಾರ್ನಿಶ್ಶಾಗಿ ಕೂರುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಆ ಚಾಳಿ ತೀರ ಕಡಿಮೆ. ಗಂಧಕವೂ ಇಲ್ಲವೆನ್ನುವಷ್ಟು ಅಲ್ಪ. ಎಂಜಿನ್ನಿಗೆ ನೇರವಾಗಿ ಸುರಿಯಲು ಸಸ್ಯದ ಎಣ್ಣೆಗಳಲ್ಲಿ ಒಂದನ್ನು ಆರಿಸು ಎಂದರೆ ನಾನು ಕೊಬ್ಬರಿಯನ್ನೇ ಆರಿಸುತ್ತೇನೆ. ಕಸುವಿನಲ್ಲಿ ಮಾತ್ರ ಲೀಟರಿಗೆ ಲೀಟರು ಹೋಲಿಸಿದರೆ ಡೀಸೆಲ್‌ಗಿಂತ ಶೇಕಡಾ 5ರಿಂದ 10ರಷ್ಟು ಕಡಿಮೆ.

ತೊಂದರೆ ಇರುವುದು ಅದರ ಮಂದತನದಲ್ಲಿ. 40 ಡಿಗ್ರಿ ಬಿಸಿಯಲ್ಲೂ ಕೊಬ್ಬರಿ ಎಣ್ಣೆ ಡೀಸೆಲ್‌ಗಿಂತ ಎಂಟು ಹತ್ತು ಪಟ್ಟು ಮಂದ. ನಾಜಲ್ಲಿನಿಂದ ಮಂಜಾಗಿ ಬರಬೇಕಾದದ್ದು ದಪ್ಪ ಹನಿಯಾಗಿ ಬರುತ್ತದೆ. ದಪ್ಪ ಹನಿ ಪೂರ್ತಿ ಉರಿಯುವ ಮೊದಲೇ ಪಿಸ್ಟನ್ನಿನ ತಲೆಗೋ ಸಿಲಿಂಡರಿನ ಗೋಡೆಗೋ ತಾಗುತ್ತದೆ. ಅರ್ಧ ಉರಿದ ಎಣ್ಣೆ ನಾಜಲ್ಲಿನ ತುದಿಯಲ್ಲಿ ಕರಿಯಾಗಿ ಕಟ್ಟುತ್ತದೆ. ಕರಿ ಕಟ್ಟಿದಷ್ಟೂ ಸಿಂಪರಣೆ ಇನ್ನೂ ಕೆಡುತ್ತದೆ, ಸಿಂಪರಣೆ ಕೆಟ್ಟಷ್ಟೂ ಕರಿ ಹೆಚ್ಚುತ್ತದೆ. ಪಿಸ್ಟನ್ ರಿಂಗು ತೋಡಿನಲ್ಲೇ ಸಿಕ್ಕಿಕೊಳ್ಳುತ್ತದೆ. ಉರಿಯದ ಎಣ್ಣೆ ಗೋಡೆಯಿಂದ ಇಳಿದು ಕೆಳಗಿನ ಎಂಜಿನ್ ಆಯಿಲ್ ಸೇರುತ್ತದೆ, ಅದರ ಗುಣ ಕೆಡಿಸುತ್ತದೆ. ಇದಾವುದೂ ಮೊದಲ ದಿನ ಕಾಣುವುದಿಲ್ಲ. ಮೊದಲ ದಿನ ಎಂಜಿನ್ ಸದ್ದು ಕಮ್ಮಿ ಮಾಡಿಕೊಂಡು, ಹೊಗೆ ಕಮ್ಮಿ ಬಿಟ್ಟು, ಕರಿದ ತಿಂಡಿಯ ವಾಸನೆ ಹರಡುತ್ತ ಖುಷಿಯಾಗಿ ಓಡುತ್ತದೆ. ವಿಡಿಯೊ ಮಾಡುವುದು ಆ ದಿನವೇ. ಪೆಟ್ಟು ಬೀಳುವುದು ನೂರಾರು ಗಂಟೆ ಓಡಿದಮೇಲೆ. ಎಂಜಿನ್ ತಯಾರಕರು ಬದಲಿ ಇಂಧನಗಳನ್ನು 200 ಗಂಟೆಗಳ ಪರೀಕ್ಷೆಗೆ ಒಡ್ಡಿ ನೋಡುವ ಪದ್ಧತಿ ಬಂದದ್ದೇ ಇದಕ್ಕಾಗಿ.

ಮಂದತನಕ್ಕೆ ಮದ್ದು ಬಿಸಿ. ಎಣ್ಣೆಯನ್ನು 80 ಡಿಗ್ರಿಯವರೆಗೆ ಕಾಯಿಸಿದರೆ ಅದರ ಮಂದತನ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಆಗಲೂ ಡೀಸೆಲ್‌ಗಿಂತ ಮಂದವೇ, ಆದರೆ ಹಳೆಯ ಎಂಜಿನ್ ತಡೆದುಕೊಳ್ಳುವಷ್ಟು ಮಂದ. ಬೂಗನ್‌ವಿಲ್ ಭೂಮಧ್ಯರೇಖೆಯ ಹತ್ತಿರ ಇದೆ, ಅದರ ಕರಾವಳಿಯಲ್ಲಿ ರಾತ್ರಿಯೂ ಸೆಖೆ. ಕೊಬ್ಬರಿ ಎಣ್ಣೆ ಗಟ್ಟಿಯಾಗುವುದು ಸುಮಾರು 24 ಡಿಗ್ರಿಗೆ. ಅವರಿಗೆ ಆ ಚಿಂತೆ ಅಷ್ಟಾಗಿ ಇರಲಿಲ್ಲ. ತುರುವೇಕೆರೆಯಲ್ಲಿ ಧನುರ್ಮಾಸದ ಬೆಳಗ್ಗೆ ಬಚ್ಚಲಿನ ಎಣ್ಣೆ ಬಾಟಲಿ ಏನಾಗಿರುತ್ತದೆ ಎಂದು ನಿಮಗೆ ಗೊತ್ತು. ಅದೇ ಗಟ್ಟಿ ಎಣ್ಣೆ ನಿಮ್ಮ ಎಂಜಿನ್ನಿನ ಪೈಪಿನಲ್ಲಿ, ಫಿಲ್ಟರಿನಲ್ಲಿ, ಪಂಪಿನಲ್ಲಿ ಕೂತಿದ್ದರೆ ಹ್ಯಾಂಡಲ್ ತಿರುಗಿಸಿ ತೋಳು ಬಿದ್ದುಹೋದರೂ ಸ್ಟಾರ್ಟ್ ಆಗುವುದಿಲ್ಲ. ಹಾಗಾಗಿ ಓಡಿಸುವವರೆಲ್ಲ ಎರಡು ಟ್ಯಾಂಕ್ ಇಡುತ್ತಾರೆ. ಡೀಸೆಲ್‌ನಲ್ಲಿ ಶುರುಮಾಡಿ, ಎಂಜಿನ್ ಚೆನ್ನಾಗಿ ಕಾದಮೇಲೆ ಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಹತ್ತು ನಿಮಿಷ ಮೊದಲು ಮತ್ತೆ ಡೀಸೆಲ್‌ಗೆ ತಂದು, ಪೈಪಿನಲ್ಲಿರುವ ಎಣ್ಣೆಯೆಲ್ಲ ಖರ್ಚಾದಮೇಲೆ ನಿಲ್ಲಿಸುತ್ತಾರೆ.

ಮಂದತನವನ್ನು ಬೇರೆಯದೇ ರೀತಿಯಲ್ಲೂ ಕಳೆಯಬಹುದು. ಎಣ್ಣೆಯ ಒಂದು ಅಣುವಿನಲ್ಲಿ ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಿನ್ನಿಗೆ ಅಂಟಿಕೊಂಡಿರುತ್ತವೆ. ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಸೇರಿಸಿ ಕಾಯಿಸಿದರೆ ಗ್ಲಿಸರಿನ್ ಬಿಟ್ಟುಹೋಗಿ ತಳಕ್ಕಿಳಿಯುತ್ತದೆ, ಮೇಲೆ ನಿಲ್ಲುವುದು ಬಯೋಡೀಸೆಲ್. ತೆಂಗಿನ ಬಯೋಡೀಸೆಲ್ ಹೆಚ್ಚುಕಮ್ಮಿ ಡೀಸೆಲ್‌ನಷ್ಟೇ ತೆಳು, ನಮ್ಮ ಚಳಿಗೆ ಗಟ್ಟಿಯಾಗುವುದಿಲ್ಲ. ಫಿಲಿಪ್ಪೀನ್ಸಿನವರು ಬೆರೆಸುವುದು ಇದನ್ನೇ. ದಯವಿಟ್ಟು ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ. ಮೆಥನಾಲ್ ಕುಡಿದರೆ ಕಣ್ಣು ಹೋಗುತ್ತದೆ, ಜೀವ ಹೋಗುತ್ತದೆ. ಅದರ ಆವಿಯೂ ವಿಷ, ಚರ್ಮದ ಮೂಲಕವೂ ಒಳಸೇರುತ್ತದೆ, ಬೆಂಕಿ ಹತ್ತಿದರೆ ಹಗಲಿನಲ್ಲಿ ಜ್ವಾಲೆ ಕಣ್ಣಿಗೇ ಕಾಣುವುದಿಲ್ಲ. ಇಂಟರ್ನೆಟ್ಟಿನಲ್ಲಿ ಅಡುಗೆ ಹೇಳಿಕೊಟ್ಟಂತೆ ಹೇಳಿಕೊಡುವವರನ್ನು ನೋಡಿದಾಗ ನನಗೆ ಭಯವಾಗುತ್ತದೆ.

ಈಗ ನಿಮ್ಮ ತೋಟದ ಲೆಕ್ಕಕ್ಕೆ ಬರೋಣ. ನನ್ನ ಉತ್ತರ ನಿಂತಿರುವುದು ಇದರ ಮೇಲೆ.

ಐದು ಎಚ್‌ಪಿ ಎಂಜಿನ್ ಪೂರ್ತಿ ಭಾರದಲ್ಲಿ ಗಂಟೆಗೆ ಒಂದು ಲೀಟರಿಗಿಂತ ತುಸು ಹೆಚ್ಚು ಡೀಸೆಲ್ ಕುಡಿಯುತ್ತದೆ. ಅಷ್ಟೇ ಕೆಲಸವನ್ನು ಕೊಬ್ಬರಿ ಎಣ್ಣೆಯಿಂದ ತೆಗೆಯಬೇಕಾದರೆ ಸುಮಾರು ಒಂದೂಕಾಲು ಲೀಟರ್ ಬೇಕು. ನೂರು ಕಿಲೋ ಒಣ ಕೊಬ್ಬರಿಗೆ ಗಾಣದಲ್ಲಿ ಅರವತ್ತು ಕಿಲೋ ಎಣ್ಣೆ ಬಂದರೆ ಒಳ್ಳೆಯ ಗಾಣ. ಒಂದು ಕಾಯಿಗೆ 140 ಗ್ರಾಂ ಕೊಬ್ಬರಿ ಎಂದಿಟ್ಟುಕೊಳ್ಳಿ. ಆಗ ಒಂದು ಗಂಟೆ ನೀರೆತ್ತಲು ಹದಿಮೂರು ಹದಿನಾಲ್ಕು ಕಾಯಿ ಬೇಕು. ವರ್ಷಕ್ಕೆ ಎಪ್ಪತ್ತು ಕಾಯಿ ಕೊಡುವ ಒಂದು ಮರ ನಿಮ್ಮ ಎಂಜಿನ್ನನ್ನು ವರ್ಷವಿಡೀ ಸೇರಿ ಐದು ಗಂಟೆ ಓಡಿಸುತ್ತದೆ.

ಬೆಲೆ ಬಿದ್ದ ವರ್ಷವನ್ನೇ ತೆಗೆದುಕೊಳ್ಳಿ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲಿಗೆ ₹8,000ದ ಆಸುಪಾಸಿಗೆ ಇಳಿದಿತ್ತು. ಆ ವರ್ಷದ ಬೆಂಬಲ ಬೆಲೆ ₹11,750. ರೈತರು ಬೀದಿಗಿಳಿದರು, ನೀವೂ ಇದ್ದಿರಬಹುದು. ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾಯಿ ಒಣಗಿಸಿ, ಇಲಿ, ಅಳಿಲುಗಳಿಂದ ಕಾಪಾಡಿ, ಸುಲಿದು, ಒಡೆದು, ಚೀಲ ಹೊತ್ತು ತಂದವನಿಗೆ ಆ ಬೆಲೆ ಕೊಡುವುದು ಅನ್ಯಾಯ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ಆ ಬೆಲೆಗೇ ಲೆಕ್ಕ ಹಾಕಿದರೆ, ಒಂದು ಲೀಟರ್ ಎಣ್ಣೆಗೆ ಬೇಕಾದ ಒಂದೂವರೆ ಕಿಲೋ ಕೊಬ್ಬರಿಗೆ ₹120. ಗಾಣದ ಕೂಲಿ ಸೇರಿಸಿ, ಹಿಂಡಿ ಮಾರಿ ಬಂದ ದುಡ್ಡು ಕಳೆಯಿರಿ; ಒಂದಕ್ಕೊಂದು ಹೆಚ್ಚುಕಮ್ಮಿ ಸರಿಹೋಗುತ್ತದೆ. ಆಗ ಡೀಸೆಲ್ ಲೀಟರಿಗೆ ₹90ರೊಳಗಿತ್ತು. ಅತಿ ಕೆಟ್ಟ ವರ್ಷದಲ್ಲೂ ಕೊಬ್ಬರಿಯನ್ನು ಮಾರಿ ಡೀಸೆಲ್ ತಂದವನೇ ಗೆದ್ದ. 2025ರಲ್ಲಂತೂ ಅದೇ ತಿಪಟೂರಿನಲ್ಲಿ ಕೊಬ್ಬರಿ ಕ್ವಿಂಟಲಿಗೆ ₹20,000 ದಾಟಿತು, ಕೇರಳದ ಅಂಗಡಿಗಳಲ್ಲಿ ಎಣ್ಣೆ ಲೀಟರಿಗೆ ₹400 ಮೀರಿತು. ಆ ಎಣ್ಣೆಯನ್ನು ಎಂಜಿನ್ನಿಗೆ ಹಾಕಿದರೆ ಪ್ರತಿ ಗಂಟೆಗೂ ನಾಲ್ಕೈದು ಲೀಟರ್ ಡೀಸೆಲ್ಲಿನ ದುಡ್ಡು ಹೊಗೆಯಾಗಿ ಹೋದಂತೆ.

‘ಉಂಡೆ ಕೊಬ್ಬರಿ ಬೇಡ, ಕೌಟು ಹಿಡಿದದ್ದನ್ನು ಅರೆಸುತ್ತೇನೆ, ಅದು ಹೇಗೂ ಮೂರು ಕಾಸಿಗೆ ಹೋಗುವಂಥದ್ದು’ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಕೆಟ್ಟ ಕೊಬ್ಬರಿಯ ಎಣ್ಣೆಯಲ್ಲಿ ಬಿಡಿ ಆಮ್ಲ ಹೆಚ್ಚು. ಅದು ಪಂಪಿನ ತಾಮ್ರ, ಹಿತ್ತಾಳೆ, ಕಂಚಿನ ಭಾಗಗಳನ್ನು ತಿನ್ನುತ್ತದೆ. ಬಯೋಡೀಸೆಲ್ ಮಾಡಲು ಹೋದರೆ ಕಾಸ್ಟಿಕ್ ಸೋಡಾದ ಜೊತೆ ಸೇರಿ ಸೋಪಾಗಿ ಕೂರುತ್ತದೆ. ಕೌಟು ಕೊಬ್ಬರಿಯ ಎಣ್ಣೆಗೆ ಸರಿಯಾದ ಜಾಗ ಸೋಪಿನ ಕಾರ್ಖಾನೆ. ಅಲ್ಲಿ ಅದಕ್ಕೆ ಒಂದಿಷ್ಟು ಬೆಲೆಯೂ ಇದೆ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶ ತಾನು ತಿನ್ನುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಇಂಡೊನೇಷ್ಯಾ, ಮಲೇಷ್ಯಾದ ತಾಳೆ ಎಣ್ಣೆ ನಮ್ಮ ಬೀದಿಬದಿಯ ಬಾಣಲೆಯಲ್ಲಿ ಕುದಿಯುತ್ತಿರುವಾಗ ಊಟಕ್ಕಾಗುವ ಎಣ್ಣೆಯನ್ನು ಉರಿಸುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯೂ 2030ರ ಹೊತ್ತಿಗೆ ಡೀಸೆಲ್‌ನಲ್ಲಿ ಶೇಕಡಾ 5ರಷ್ಟು ಬಯೋಡೀಸೆಲ್ ಬೆರೆಸುವ ಗುರಿ ಇಟ್ಟಿದ್ದು, ಅದಕ್ಕೆ ನೆಚ್ಚಿರುವುದು ತಿನ್ನಲಾಗದ ಬೀಜಗಳ ಎಣ್ಣೆ ಮತ್ತು ಕರಿದು ಉಳಿದ ಎಣ್ಣೆಯನ್ನು. ಆ ಆಯ್ಕೆ ಸರಿ.

ತಿನ್ನಲಾಗದ ಎಣ್ಣೆ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗಬೇಕಾದದ್ದು ಹೊಂಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲಿ ಡೀಸೆಲ್ ಎಂಜಿನ್ ಓಡಿಸಿ, ಹಳ್ಳಿಗೆ ನೀರು, ಬೆಳಕು ಎರಡನ್ನೂ ಕೊಡಬಹುದೆಂದು ತೋರಿಸಿದರು. ಹಾಸನದ ಬಳಿಯ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವೇ ಇದೆ, ನಿಮ್ಮೂರಿನಿಂದ ಒಂದು ಹಗಲಿನಲ್ಲಿ ಹೋಗಿಬರುವಷ್ಟು ದೂರ. ಹೊಂಗೆ ಎಣ್ಣೆ ಕೊಬ್ಬರಿ ಎಣ್ಣೆಗಿಂತ ಮಂದ, ಅಂಟುವ ಗುಣವೂ ಹೆಚ್ಚು. ಬಿಸಿ ಮಾಡುವುದು, ಎರಡು ಟ್ಯಾಂಕು, ಸೋಸುವುದು ಎಲ್ಲ ಇದಕ್ಕೂ ಬೇಕು. ಆದರೆ ಬದುವಿನ ಮೇಲೆ ತಾನೇ ಬೆಳೆಯುವ ಮರ, ಯಾರ ತಟ್ಟೆಯಿಂದಲೂ ಕಿತ್ತುಕೊಳ್ಳದ ಎಣ್ಣೆ. ಹಿಂಡಿ ಮತ್ತೆ ತೋಟಕ್ಕೇ ಗೊಬ್ಬರ.

ತೆಂಗಿನಿಂದಲೇ ಎಂಜಿನ್ ಓಡಿಸಬೇಕೆಂಬ ಹಟವಿದ್ದರೆ ಅದಕ್ಕೂ ದಾರಿ ಇದೆ, ಎಣ್ಣೆಯನ್ನು ಮುಟ್ಟದೆ. ಅದು ಚಿಪ್ಪು. ಚಿಪ್ಪನ್ನು ಸಾಲದಷ್ಟು ಗಾಳಿಯಲ್ಲಿ ಸುಟ್ಟರೆ ಉರಿಯುವ ಅನಿಲ ಬರುತ್ತದೆ. ಅದನ್ನು ತಣಿಸಿ, ಟಾರು ತೆಗೆದು, ಎಂಜಿನ್ ಎಳೆದುಕೊಳ್ಳುವ ಗಾಳಿಯ ಜೊತೆ ಸೇರಿಸಿದರೆ ಡೀಸೆಲ್‌ನ ಮುಕ್ಕಾಲು ಪಾಲು ಉಳಿತಾಯವಾಗುತ್ತದೆ. ಉಳಿದ ಕಾಲು ಪಾಲು ಡೀಸೆಲ್ ಹೊತ್ತಿಸುವ ಕೆಲಸಕ್ಕೆ ಬೇಕೇ ಬೇಕು. ವಿಜ್ಞಾನ ಸಂಸ್ಥೆಯವರೇ ರೂಪಿಸಿದ, ಇಂಥ ಅನಿಲ ತಯಾರಿಸುವ ಒಲೆಗಳು ತೆಂಗಿನ ಚಿಪ್ಪಿನಲ್ಲಿ ಚೆನ್ನಾಗಿ ನಡೆದಿವೆ. ಇದು ಒಂದು ಮನೆಯ ಪಂಪ್‌ಸೆಟ್ಟಿಗೆ ಹೊಂದುವುದಲ್ಲ. ದಿನವೂ ಹತ್ತಾರು ಚೀಲ ಚಿಪ್ಪು ಬೀಳುವ ತೆಂಗಿನ ತುರಿ ಕಾರ್ಖಾನೆಗೋ ಎಣ್ಣೆ ಮಿಲ್ಲಿಗೋ ತಕ್ಕದ್ದು. ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಸೋರಿದರೆ ಜೀವಕ್ಕೆ ಎರವು. ತಿಳಿದವರ ಕೈಯಲ್ಲೇ ನಡೆಯಬೇಕು. ತಿಪಟೂರು, ಅರಸೀಕೆರೆ ಸುತ್ತಿನ ಸಹಕಾರ ಸಂಘಗಳು ಈ ಕಡೆ ಮನಸ್ಸು ಕೊಡಲಿ ಎಂಬುದು ನನ್ನ ಬಹುದಿನದ ಆಸೆ.

ಇಷ್ಟೆಲ್ಲ ಆದಮೇಲೂ, ಮುಷ್ಕರವೋ ಬಂದ್‌ನಂಥದ್ದೋ ಬಂದು ನಾಲ್ಕು ದಿನ ಡೀಸೆಲ್ಲೇ ಸಿಗದೆ, ಕರೆಂಟೂ ಇಲ್ಲದೆ, ಸಸಿಗಳು ಒಣಗುತ್ತಿವೆ ಎಂಬ ಸ್ಥಿತಿ ಬಂದೀತು. ಆಗ ನಿಮ್ಮ ಹಳೆಯ ಎಂಜಿನ್ನಿಗೆ ಕೊಬ್ಬರಿ ಎಣ್ಣೆ ಹಾಕಿ, ಹೆದರಬೇಡಿ. ಒಳ್ಳೆಯ ಕೊಬ್ಬರಿಯದೇ ಆಗಿರಲಿ. ಮೊದಲೇ ಒಂದು ವಾರ ತಳ ನಿಲ್ಲಲು ಬಿಟ್ಟಿದ್ದ ಎಣ್ಣೆಯ ಮೇಲಿನ ತಿಳಿಯನ್ನು ಮಾತ್ರ ತೆಗೆದು, ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸಿ ನೀರಿನಂಶ ಕಳೆಯಿರಿ. ಆರಿಸಿ, ಒತ್ತಾದ ಬಟ್ಟೆಯಲ್ಲಿ ಎರಡು ಸಲ ಸೋಸಿ. ಮನೆಯಲ್ಲಿ ಉಳಿದಿರುವ ಡೀಸೆಲ್ಲನ್ನು ಶುರುಮಾಡಲು ಮತ್ತು ನಿಲ್ಲಿಸಲು ಎತ್ತಿಡಿ. ಬೆರೆಸಲು ಸಾಕಷ್ಟಿದ್ದರೆ ಐದರಲ್ಲಿ ಒಂದು ಪಾಲು ಎಣ್ಣೆ, ನಾಲ್ಕು ಪಾಲು ಡೀಸೆಲ್ ಎಂಬ ಅಳತೆ ಎಂಜಿನ್ನಿಗೆ ಸುಖ. ಕಮ್ಮಿ ಭಾರದಲ್ಲಿ, ಸುಮ್ಮನೆ ಗುಡುಗುಡು ಎಂದು ಓಡಲು ಬಿಡಬೇಡಿ. ಆಗ ಒಳಗೆ ಬಿಸಿ ಸಾಲದೆ ಕರಿ ಹೆಚ್ಚು ಕಟ್ಟುತ್ತದೆ. ಪಂಪಿನ ಪೂರ್ತಿ ಭಾರ ಕೊಟ್ಟೇ ಓಡಿಸಿ. ಕೆಲಸ ಮುಗಿದಮೇಲೆ ಎಂಜಿನ್ ಆಯಿಲ್ ಬದಲಿಸಿ, ಫಿಲ್ಟರ್ ಬದಲಿಸಿ, ನಾಜಲ್ ಬಿಚ್ಚಿಸಿ ಪಂಪ್ ಅಂಗಡಿಯಲ್ಲಿ ಸಿಂಪರಣೆ ನೋಡಿಸಿ. ರಬ್ಬರಿನ ಪೈಪು ಮೆತ್ತಗಾಗಿ ಉಬ್ಬಿದ್ದರೆ ಅದನ್ನೂ ಬದಲಿಸಿ.

ಹಳೆಯ ಲಿಸ್ಟರ್ ಮಾದರಿಯ ನಿಧಾನಗತಿಯ ಎಂಜಿನ್ನುಗಳು ಇದನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ. ಆದರೆ ಮಗನಿಗೆ ಒಂದು ಎಚ್ಚರಿಕೆ ಹೇಳಿ. ಮನೆಯಲ್ಲಿ ಈಚಿನ ಡೀಸೆಲ್ ಕಾರೋ ಪಿಕಪ್ಪೋ ಇದ್ದರೆ ಅದಕ್ಕೆ ಒಂದು ಚಮಚ ಕೊಬ್ಬರಿ ಎಣ್ಣೆಯನ್ನೂ ಹಾಕುವುದು ಬೇಡ. ಕಾಮನ್ ರೈಲ್ ಎಂಜಿನ್ನುಗಳಲ್ಲಿ ಇಂಧನ 1,600 ಬಾರ್ ಮತ್ತು ಅದಕ್ಕಿಂತ ಹೆಚ್ಚಿನ ಒತ್ತಡದಲ್ಲಿ, ಕೂದಲೆಳೆಗಿಂತ ಎಷ್ಟೋ ಸೂಕ್ಷ್ಮವಾದ ಸಂದುಗಳಲ್ಲಿ ಹರಿಯುತ್ತದೆ. ಬಿಎಸ್ 6 ಗಾಡಿಗಳ ಹೊಗೆಕೊಳವೆಯ ಫಿಲ್ಟರಂತೂ ಇನ್ನೂ ನಾಜೂಕು. ಒಂದು ಇಂಜೆಕ್ಟರ್ ಕೆಟ್ಟರೆ ರಿಪೇರಿಗೆ ಸಾವಿರಾರು ರೂಪಾಯಿ, ವಾರಂಟಿಯೂ ಸಿಗದು. ಬಂಕಿನ ಡೀಸೆಲ್‌ನಲ್ಲೇ ಶೇಕಡಾ 7ರವರೆಗೆ ಬಯೋಡೀಸೆಲ್ ಬೆರೆಸಲು ನಮ್ಮ ಮಾನಕದಲ್ಲಿ ಅವಕಾಶವಿದೆ. ಅದು ಅಳತೆ, ಪರೀಕ್ಷೆ ಎಲ್ಲ ಆಗಿ ಬರುವಂಥದ್ದು.

ನಿಮ್ಮ ನಾಲ್ಕು ಎಕರೆಗೆ ನನ್ನ ಸಲಹೆ: ಕೊಬ್ಬರಿ ಮಾರಿ, ಎಂಜಿನ್ನಿಗೆ ಡೀಸೆಲ್ ತನ್ನಿ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ನಮ್ಮಲ್ಲಿ ಕರೆಂಟು ಉಚಿತ, ಹಾಗಾಗಿ ನಿಮಗೆ ಬೇಕಾಗುವ ಡೀಸೆಲ್ ಹೇಗೂ ಕಮ್ಮಿ. ಆ ಖರ್ಚೂ ಬೇಡವೆಂದಾದರೆ ಕೇಂದ್ರದ ಪಿಎಂ ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪಿಗೆ ಸಹಾಯಧನವಿದೆ, ವಿಚಾರಿಸಿ. ಬರುವ ಮುಂಗಾರಿಗೆ ಬದುವಿನ ಉದ್ದಕ್ಕೂ ಹೊಂಗೆ ಸಸಿ ಹಾಕಿ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ.